ಕೋವಿಗೆ ಕಾಡಿಗೆ

ಹಾಲಮ್ಮ: ಹಂದಿ ಎಲ್ಲಿ ನಿಂತಿತ್ತು, ಹುಲ್ಲು ತುಂಬಿದ ಬೆರ್ಚಪ್ಪ ಎಲ್ಲಿ ನಿಂತಿದ್ದ, ಅದೊಂದು ಹೇಳ್ರಿ ಸಾಕು.

ಈರಪ್ಪ: ಎರಡೂ ಗದ್ದೇಲೇ ನಿಂತಿದ್ವು.

ಹಾಲಮ್ಮ: ಮಧ್ಯೆ ಎಷ್ಟು ಜಾಗ ಇತ್ತು ಅಂತ ಕೇಳ್ದೆ.

ಈರಪ್ಪ: ಇತ್ತು, ಒಂದು ಮೊಳ.

ಹಾಲಮ್ಮ: ಅಲ್ಲಿಗೆ ಹಂದಿಗೆ ಅಂತ ಹೊಡೆದ ಈಡು ಬೆರ್ಚಪ್ಪನ ಎದೆಗೆ ಹೋಯ್ತು. ಹಂದಿ ಏನ್ಮಾಡ್ತು?

ಈರಪ್ಪ: ಓಡ್ತು.

ಹಾಲಮ್ಮ: ನಾನು ಹಿತ್ಲಿಂದ ನೋಡ್ತಿದ್ದೆ. ಓಡ್ಲಿಲ್ಲ. ಬೆರ್ಚಪ್ಪನ ಕಡೆ ಒಂದ್ಸಲ ತಿರುಗಿ ನೋಡ್ತು. ಆಮೇಲೆ ನಡ್ಕಂಡು ಹೋಯ್ತು.

ಲಿಂಗದಹಳ್ಳಿಯಲ್ಲಿ ಆಗತಾನೆ ಬಿಸಿಲು ಜಗಲಿಗೆ ಬಂದಿತ್ತು. ಈರಪ್ಪ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಗುಡ್ಡದ ಬುಡದ ಗದ್ದೆಗಳೆಲ್ಲ ತೆನೆ ಬಿಟ್ಟಿದ್ದವು. ಆ ವಾರದಲ್ಲಿ ಹಂದಿಗಳು ಮೂರು ಸಲ ಇಳಿದಿದ್ದವು. ಊರಿನ ಆ ಮಗ್ಗುಲಿಗೆಲ್ಲ ಲೈಸೆನ್ಸು ಇದ್ದ ಕೋವಿ ಅದೊಂದೇ. ಗುಡ್ಡದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಸ್ವದೇಶಕ್ಕೆ ಹೊರಡುವಾಗ, ತನ್ನ ಜೊತೆ ಶಿಕಾರಿಗೆ ಬರುತ್ತಿದ್ದ ಈರಪ್ಪನ ಅಪ್ಪನಿಗೆ ಕೊಟ್ಟುಹೋದ ರೈಫಲ್ಲು. ಅಪ್ಪ ಹೋಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಈರಪ್ಪ ಹೊಡೆದ ಹಂದಿಗಳನ್ನು ಲೆಕ್ಕ ಹಾಕಲು ಒಂದು ಕೈಯ ಬೆರಳೂ ಹೆಚ್ಚಾಗುತ್ತಿತ್ತು.

ಈರಪ್ಪ: ಗಾಳಿ ಇತ್ತು ಕಣೇ.

ಹಾಲಮ್ಮ: ಒಲೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗ್ತಿತ್ತು.

ಈರಪ್ಪ: ತೋಟೆ ಥಂಡಿ ಹಿಡಿದಿತ್ತು.

ಹಾಲಮ್ಮ: ಬೆರ್ಚಪ್ಪನ ಅಂಗೀಲಿ ಬೀಳ್ಬೇಕಾದ್ರೆ ಥಂಡಿ ಬಿಡ್ತೇನೋ. ಕೋವಿ ಮೇಲೆ ಮಾತ್ರ ಒಂದು ಮಾತು ಹಾಕಲ್ಲ ನೀವು.

ಈರಪ್ಪ: ಅಪ್ಪನ ಕೋವಿ ಅದು. ಅಪ್ಪ ಇದರಾಗೆ ಓಡೋ ಕಾಡುಕುರಿ ಕೆಡವ್ತಿದ್ದ.

ಹಾಲಮ್ಮ: ಹಂಗಾದ್ರೆ ಕೋವಿ ಸರಿಗೈತೆ. ಕೆಟ್ಟಿರೋದು ನಿಮ್ ಕಣ್ಣು. ಇರ್ಲಿ ಬಿಡಿ, ಕೆಂಚಪ್ಪಂಗೆ ಹೇಳಿ ಕಳ್ಸಿದೀನಿ. ಸೋಮವಾರ ಬತ್ತಾನೆ.

ಈರಪ್ಪ: ನಿನ್ ತಮ್ಮ ಎಮ್ಮೆದೊಡ್ಡಿಯಿಂದ ಇಲ್ಲಿಗ್ಯಾಕೆ ಬತ್ತಾನೆ?

ಹಾಲಮ್ಮ: ಗದ್ದೆ ಕಾಯಕ್ಕೆ. ತರೀಕೆರೆಗೆ ಹೋಗಿ, ಅಮಲ್ದಾರ್ರ ಕಚೇರೀಲಿ ಲೈಸೆನ್ಸು ಅವನ ಹೆಸರಿಗೆ ಮಾಡ್ಸಿ ಬನ್ನಿ. ವಯಸ್ಸಿನ ಹುಡುಗ, ಕಣ್ಣು ಚುರುಕೈತೆ.

ಈರಪ್ಪ ಕೋವಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಬೀದಿಯನ್ನು ನೋಡಿದ. ಕೊಟ್ಟಿಗೆಯನ್ನು ನೋಡಿದ.

ಈರಪ್ಪ: ನನ್ ಕಣ್ಣು ಸರಿಗೈತೆ.

ಹಾಲಮ್ಮ: ಹಂಗಾದ್ರೆ ಇನ್ನೇನು?

ಈರಪ್ಪ: ಕೋವೀಲೇ ಏನೋ ಐತೆ.

ಹಾಲಮ್ಮ: ಕೇಳಿಸ್ಲಿಲ್ಲ.

ಈರಪ್ಪ: ಕೋವೀಲೇ ಏನೋ ಐತೆ ಅಂದೆ.

ಹಾಲಮ್ಮ: ಹಂಗಾದ್ರೆ ಕಾಳಾಚಾರ್ರಿಗೆ ತೋರ್ಸಿ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಐತೆ.

ಕಾಳಾಚಾರಿ ಸುತ್ತಿನ ಹಳ್ಳಿಗಳಿಗೆಲ್ಲ ಗಾಡಿ, ನೇಗಿಲು ಮಾಡಿಕೊಡುವ ಬಡಗಿ. ಮಧ್ಯಾಹ್ನ ಹತಾರದ ಚೀಲ ಹೊತ್ತುಕೊಂಡು ಬಂದು ಜಗಲಿಯ ಮೇಲೆ ಕೂತ. ಕೋವಿಗೆ ಕೈ ಚಾಚಿದ. ಈರಪ್ಪ ಕೊಡಲಿಲ್ಲ.

ಈರಪ್ಪ: ಅಪ್ಪ ಹಿಡಿದ ಮರ, ಆಚಾರಿ. ಉಳಿ ತಾಗಿಸ್ಬೇಡ.

ಕಾಳಾಚಾರಿ: ಉಳಿ ತಾಗಿಸ್ದೆ ಮರಗೆಲ್ಸ ಹೆಂಗೆ ಗೌಡ್ರೇ?

ಈರಪ್ಪ: ಸುಮ್ನೆ ನೋಡು, ಸಾಕು.

ಕಾಳಾಚಾರಿ: ನೋಡಾಕೆ ನನ್ನನ್ಯಾಕೆ ಕರೆಸ್ಬೇಕಿತ್ತು, ನಿಮ್ಗೆ ಕಣ್ಣಿಲ್ವೆ?

ಹಾಲಮ್ಮ: ಈ ಮನೇಲಿ ಬೆಳಗಿಂದ ಅದೇ ಪ್ರಶ್ನೆ ನಡೀತಾ ಐತೆ.

ಕೊನೆಗೆ ಕೋವಿ ಕೈ ಬದಲಾಯಿಸಿತು. ಕಾಳಾಚಾರಿ ತಳದ ಎರಡು ತಿರುಪು ಬಿಚ್ಚಿ ಕಬ್ಬಿಣವನ್ನೆಲ್ಲ ಒಂದೇ ಸಲ ಮೇಲಕ್ಕೆತ್ತಿ ಬೇರೆ ಇಟ್ಟ. ಕೆಳಗೆ ಬರೀ ಮರ ಉಳಿಯಿತು, ಮಧ್ಯೆ ನಳಿಕೆ ಮಲಗುವ ಉದ್ದನೆಯ ಕಾಲುವೆ. ಅದರೊಳಗೆ ಬೆರಳಾಡಿಸಿದ. ಮುಖ ಹುಳಿ ಕಡಿದ ಹಾಗಾಯಿತು.

ಕಾಳಾಚಾರಿ: ಇದು ದೊರೆ ಕೊಟ್ಟ ಮರ ಅಲ್ಲ.

ಈರಪ್ಪ: ಅಪ್ಪ ಒಂದ್ಸಲ ಕಲ್ಲತ್ತಿಗಿರಿ ಬಂಡೇಲಿ ಜಾರಿ ಬಿದ್ದ. ಮರ ಮುರೀತು. ಆಮೇಲೆ ಹೊಸದು ಹಾಕ್ಸಿದ್ದು.

ಕಾಳಾಚಾರಿ: ಯಾವ ಪುಣ್ಯಾತ್ಮ ಮಾಡ್ದ ಇದನ್ನ? ಹಸಿ ಮರ ಹಾಕವ್ನೆ. ಒಳಗೆ ನೋಡಿ, ಒಂದು ಕಡೆ ಗುಂಡಿ, ಒಂದು ಕಡೆ ದಿಬ್ಬ. ಎಮ್ಮೆ ಗೂಟ ಕೆತ್ತೋನೂ ಇಷ್ಟು ಅವಸರ ಮಾಡಲ್ಲ.

ಈರಪ್ಪ ಮೇಲೆ ಹೆಂಚನ್ನು ನೋಡತೊಡಗಿದ.

ಹಾಲಮ್ಮ: ನಿಮ್ಮ ತಂದೆಯೋರು. ದೊಡ್ಡ ಆಚಾರ್ರು.

ಕಾಳಾಚಾರಿ ಉಳಿಯನ್ನು ಪಂಚೆಯ ಅಂಚಿಗೆ ನಿಧಾನವಾಗಿ ಒರೆಸಿದ. ಎರಡೂ ಮಗ್ಗುಲು ಒರೆಸಿದ.

ಕಾಳಾಚಾರಿ: ಮರ ಮಾತ್ರ ಒಳ್ಳೇ ಜಾತಿದು. ಕೆಲ್ಸಾನೂ ಆ ಕಾಲಕ್ಕೆ ತೆಗೆದು ಹಾಕೋ ಹಂಗಿಲ್ಲ. ನಿಮ್ಮ ಮಾವನೋರೇ ಅವಸರ ಮಾಡಿರ್ಬೇಕು ತಾಯಿ.

ಹಾಲಮ್ಮ ನಗು ತಡೆಯಲಾರದೆ ಒಳಗೆ ಹೋದಳು. ಒಲೆಯ ಮುಂದೆ ಕೂತವಳಿಗೆ ಜಗಲಿಯ ಮಾತು ತುಂಡುತುಂಡಾಗಿ ಕೇಳುತ್ತಿತ್ತು.

ಕಾಳಾಚಾರಿ: ಮಳೆಗಾಲ ಬಂತು ಅಂದ್ರೆ ಉಬ್ಬುತ್ತೆ. ಬಲಗಡೆಯಿಂದ ಒತ್ತುತ್ತೆ. ಅದು ಪಾಪ ಎಡಕ್ಕೆ ತಿರುಗ್ದೆ ಏನ್ಮಾಡುತ್ತೆ?

ಈರಪ್ಪ: ಮೂವತ್ತು ವರ್ಷ ಆಯ್ತಲ್ಲ, ಇಷ್ಟೊತ್ಗೆ ಹೊಂದ್ಕಂಡಿರ್ಬೇಕಿತ್ತು.

ಕಾಳಾಚಾರಿ: ಎಲ್ಲಿ ಹೊಂದ್ಕಳ್ಳುತ್ತೆ? ವಯಸ್ಸಾದಷ್ಟೂ ಬಿಗಿ ಜಾಸ್ತಿ. ಅಲ್ಲಲ್ಲಿ ಕೆರೆದು ತೆಗೀಬೇಕು.

ಹಾಲಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು.

ಹಾಲಮ್ಮ: ಯಾರ ವಿಚಾರ ನಡೀತಿರೋದು?

ಇಬ್ಬರೂ ಒಟ್ಟಿಗೆ ಮರದ್ದು ಎಂದರು.

ಹಾಲಮ್ಮ: ಮರಕ್ಕೆ ಮೂವತ್ತಾಯ್ತು ಅಂತ ನೆನಪೈತೆ. ನಮ್ಮ ಮದ್ವೆ ಆಗಿ ಎಷ್ಟಾಯ್ತು ಕೇಳಿ ಆಚಾರ್ರೇ.

ಈರಪ್ಪ: ಇಪ್ಪತ್ತು... ಎಂಟು.

ಹಾಲಮ್ಮ: ಇಪ್ಪತ್ತಾರು.

ಕಾಳಾಚಾರಿ: ಅಲ್ಲೂ ಎರಡು ಅತ್ಲಾಗೆ ಹೋಯ್ತಲ್ಲ ಗೌಡ್ರೇ.

ಮಾರನೆಯ ದಿನ ಕಾಳಾಚಾರಿ ಹಾಲಮ್ಮನನ್ನು ಕರೆದು, ಮನೆಯಲ್ಲಿ ಕಾಡಿಗೆ ಇದೆಯೇ ಎಂದು ಕೇಳಿದ. ಅವಳು ಕಾಡಿಗೆ ಡಬ್ಬಿ ತಂದು ಕೊಟ್ಟಳು. ಅವನು ಬೆರಳಲ್ಲಿ ಬಾಚಿ, ಒಂದು ತೊಟ್ಟು ಹರಳೆಣ್ಣೆ ಕಲಸಿ, ನಳಿಕೆಯ ಕೆಳಮೈಗೆ ತೆಳ್ಳಗೆ ಸವರಿದ.

ಈರಪ್ಪ: ಏನ್ ಮಾಡ್ತಿದೀಯ ಮಾರಾಯ? ಕೋವಿಗೆ ಕಾಡಿಗೆ ಹಚ್ತಾರಾ?

ಹಾಲಮ್ಮ: ಹಚ್ಲಿ ಬಿಡಿ. ನಿಮ್ಗೋ ಕೋವಿಗೋ, ಒಬ್ರಿಗಾದ್ರೂ ಕಣ್ಣು ಕಾಣ್ಲಿ.

ಕಾಳಾಚಾರಿ ಕಬ್ಬಿಣವನ್ನು ಮರದೊಳಗೆ ಕೂರಿಸಿ, ಕೊಡತಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟು, ಮತ್ತೆ ಎತ್ತಿದ. ಮರದ ಬಲಮಗ್ಗುಲಿನಲ್ಲಿ ಮೂರು ಕಪ್ಪು ಚುಕ್ಕೆ ಬಿದ್ದಿದ್ದವು.

ಕಾಳಾಚಾರಿ: ನೋಡಿ, ಕಪ್ಪು ಎಲ್ಲಿ ಅಂಟ್ಕಂಡೈತೋ ಅಲ್ಲೆಲ್ಲ ಮರ ನಳಿಕೆಗೆ ತಗಲ್ತಾ ಐತೆ. ಅಷ್ಟೇ ಕೆರೀಬೇಕು. ಮತ್ತೆ ಹಚ್ಬೇಕು, ಕೂರಿಸ್ಬೇಕು, ತೆಗೀಬೇಕು.

ಈರಪ್ಪ: ಎಷ್ಟು ಸಲ?

ಕಾಳಾಚಾರಿ: ತಾಯಿ ಕಾಡಿಗೆ ಮುಗಿಯೋ ತನಕ.

ಈರಪ್ಪ: ಎಲ್ಲಾ ಕೆರೆದ್ರೆ ಕೋವಿ ಗಡಗಡ ಅನ್ನಲ್ವ?

ಕಾಳಾಚಾರಿ: ಹಿಂದೆ, ತೋಟೆ ತುಂಬೋ ಜಾಗದಲ್ಲಿ, ಬೆಟ್ಟ ಕೂತಂಗೆ ಕೂತಿರ್ಬೇಕು. ಮುಂದೆ ನಳಿಕೇನ ಯಾರೂ ಮುಟ್ಬಾರ್ದು. ಕಾಗದದ ಚೂರು ಮಧ್ಯೆ ಸರಾಗವಾಗಿ ಓಡಾಡ್ಬೇಕು.

ಹಾಲಮ್ಮ: ಇವ್ರೂ ಅದೇ ತರ. ಊಟಕ್ಕೆ ಕೂತ್ರೆ ಹಿಂದಿಂದ ಅಳ್ಳಾಡಲ್ಲ, ಮುಂದಿಂದ ಯಾರೂ ಮಾತಾಡಿಸ್ಬಾರ್ದು.

ಮೂರು ದಿನ ಅದೇ ನಡೆಯಿತು. ಹಿಂಭಾಗದ ಗುಂಡಿಗೆ ಕುಡುಗೋಲಿನ ಹಿಡಿಗೆ ಹಾಕುವ ಅರಗನ್ನೇ ಕರಗಿಸಿ, ಇಟ್ಟಿಗೆಯ ನಯವಾದ ಪುಡಿ ಬೆರೆಸಿ ಸುರಿದ. ಅಂಟದಿರಲೆಂದು ಕಬ್ಬಿಣಕ್ಕೆ ಎಣ್ಣೆ ಬಳಿದು ಅದರ ಮೇಲೆ ಒತ್ತಿ ಕೂರಿಸಿದ. ಆರಿದ ಮೇಲೆ ತೆಗೆದಾಗ ಕಬ್ಬಿಣದ ಅಚ್ಚು ಅರಗಿನಲ್ಲಿ ಉಗುರಿನಷ್ಟೂ ಲೋಪವಿಲ್ಲದೆ ಮೂಡಿತ್ತು. ಸಂಜೆ ಕಾಳಾಚಾರಿ ಹೋದ ಮೇಲೆ ಈರಪ್ಪ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಉಳಿಯಿಂದ ಉದುರಿದ ಮರದ ಸಿಬಿರುಗಳನ್ನು ಒಂದೊಂದಾಗಿ ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಳ್ಳುತ್ತಿದ್ದ. ಪೊರಕೆ ಹಿಡಿದು ಬಂದ ಹಾಲಮ್ಮ ಅದನ್ನು ನೋಡಿದಳು. ಪೊರಕೆಯನ್ನು ಮೂಲೆಗಿಟ್ಟು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಕೆಂಚಪ್ಪ ರೈಲಿನಲ್ಲಿ ತರೀಕೆರೆಗೆ ಬಂದು, ಅಲ್ಲಿಂದ ಗಾಡಿ ಹಿಡಿದು ಲಿಂಗದಹಳ್ಳಿ ಮುಟ್ಟಿದ. ಬಂದವನನ್ನು ಕೈಕಾಲು ತೊಳೆಯಲೂ ಬಿಡದೆ ಈರಪ್ಪ ಗುಡ್ಡದ ಬುಡದ ಮಣ್ಣಿನ ದಿಬ್ಬದ ಹತ್ತಿರ ಕರೆದುಕೊಂಡು ಹೋದ. ಹಾಲಮ್ಮ, ಕಾಳಾಚಾರಿಯೂ ಹಿಂದೆಯೇ ಬಂದರು. ಒಂದು ಹಳೆಯ ಮೊರದ ನಡುವೆ ಸುಣ್ಣದ ಬೊಟ್ಟಿಟ್ಟು ದಿಬ್ಬಕ್ಕೆ ಒರಗಿಸಿದ್ದಾಯಿತು. ಈರಪ್ಪ ಎಂಬತ್ತು ಹೆಜ್ಜೆ ಎಣಿಸಿ, ಅಂಗಾತ ಬಿದ್ದ ಬಂಡೆಯ ಮೇಲೆ ಕಂಬಳಿ ಹಾಸಿ, ಕೋವಿ ಇಟ್ಟು ಮೂರು ಈಡು ಹೊಡೆದ. ನಾಲ್ವರೂ ಮೊರದ ಹತ್ತಿರ ನಡೆದರು. ಬೊಟ್ಟು ಬೆಳ್ಳಗೆ ಹಾಗೇ ಇತ್ತು. ಗೇಣುದ್ದ ಬಲಕ್ಕೆ, ಮೊರದ ಅಂಚಿನಲ್ಲಿ, ಮೂರು ತೂತು.

ಈರಪ್ಪ: ಹೋಯ್ತು ಬಿಡು. ಈಗ ಬಲಕ್ಕೆ ಶುರು ಮಾಡ್ತು. ಕೊಡು ಕೆಂಚಪ್ಪ ಕೈ, ಹಿಡ್ಕೋ. ಇನ್ನು ನಿಂದೇ.

ಕಾಳಾಚಾರಿ ಮಾತ್ರ ಮೊರವನ್ನು ಎತ್ತಿ ಹಿಡಿದು, ಮೂರು ತೂತಿನ ಮೇಲೂ ಒಂದೇ ಅಂಗೈ ಮುಚ್ಚಿ ನಿಂತಿದ್ದ.

ಕಾಳಾಚಾರಿ: ಮೂರೂ ಒಂದು ಅಂಗೈಯಾಗೆ ಕೂತವೆ. ಇದು ಕೋವಿ ತಪ್ಪಲ್ಲ. ಗುರಿ ಎಲ್ಲಿಗಿಟ್ರಿ ಗೌಡ್ರೇ?

ಈರಪ್ಪ: ಬೊಟ್ಟಿಗೆ.

ಕಾಳಾಚಾರಿ: ಬೊಟ್ಟಿನ ಮೇಲೇನಾ?

ಈರಪ್ಪ: ಬೊಟ್ಟಿನ ಹತ್ರ.

ಹಾಲಮ್ಮ: ಎಷ್ಟು ಹತ್ರ?

ಈರಪ್ಪ: ಒಂದು ಗೇಣು ಬಲಕ್ಕೆ.

ಹಾಲಮ್ಮ: ಯಾಕ್ರೀ?

ಈರಪ್ಪ: ಎಡಕ್ಕೆ ಹೋಗುತ್ತಲ್ಲ ಅದು. ಬೇಸಿಗೇಲಿ ಗೇಣು, ಮಳೆ ಹಿಡಿದ್ರೆ ಮೊಳ. ಏಳು ವರ್ಷದಿಂದ ಲೆಕ್ಕ ಹಾಕಿ ಬಲಕ್ಕೆ ಹಿಡೀತಾ ಬಂದಿದೀನಿ. ಲೆಕ್ಕ ಒಂದೊಂದ್ಸಲ ತಪ್ತಿತ್ತು.

ಕಾಳಾಚಾರಿ: ಏಳು ವರ್ಷದಿಂದ ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ.

ಈರಪ್ಪ: ಅಪ್ಪನ ಕೋವಿ ಎಡಕ್ಕೆ ಹೋಗುತ್ತೆ ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ಲಾ?

ಕಾಳಾಚಾರಿಗೆ ತನ್ನ ಅಪ್ಪನ ಕೆತ್ತನೆ ನೆನಪಾಗಿರಬೇಕು, ಅವನು ಮೊರವನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ಒರಗಿಸಿದ. ಹಾಲಮ್ಮ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದಳು.

ಹಾಲಮ್ಮ: ಈ ಸಲ ಬೊಟ್ಟಿಗೇ ಹಿಡೀರಿ. ಗೇಣೂ ಬೇಡ, ಮೊಳಾನೂ ಬೇಡ.

ಈರಪ್ಪ ಬಂಡೆಗೆ ಮರಳಿ ಕೂತ. ಬಹಳ ಹೊತ್ತು ಉಸಿರು ಹಿಡಿದ. ನಾಲ್ಕನೆಯ ಈಡಿಗೆ ಸುಣ್ಣದ ಬೊಟ್ಟಿದ್ದ ಕಡೆಯಿಂದ ಬಿಳಿಯ ಪುಡಿ ಹಾರಿತು. ಕಾಳಾಚಾರಿ ಅಲ್ಲೇ ಕುಕ್ಕರಿಸಿ ಕೂತು ನಕ್ಕ. ಈರಪ್ಪ ಎದ್ದು ಬಂದು, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಭಾವಮೈದುನನ ಮುಂದೆ ನಿಂತ.

ಈರಪ್ಪ: ನೋಡ್ದಲ್ಲ ಕೆಂಚಪ್ಪ. ನನ್ ಕಣ್ಣೂ ಸರಿಗೈತೆ, ಕೋವೀನೂ ಸರಿಗೈತೆ. ಬೇಜಾರು ಮಾಡ್ಕಬೇಡ, ಇದನ್ನ ಕೊಡಾಕಾಗಲ್ಲ.

ಕೆಂಚಪ್ಪ: ನಂಗ್ಯಾಕೆ ಭಾವ ಕೋವಿ?

ಈರಪ್ಪ: ಗದ್ದೆ ಕಾಯಕ್ಕೆ ಬಂದಿದೀಯಲ್ಲ.

ಕೆಂಚಪ್ಪ: ನಮ್ಮೂರ ಹುಲ್ಲುಗಾವಲಲ್ಲಿ ದನ ಕಾದು ಸಾಕಾಗೈತೆ, ನಿಮ್ಮ ಗದ್ದೆ ಬೇರೆ ಕಾಯ್ಲಾ? ಅಕ್ಕಿ ಕಡುಬು ಮಾಡ್ತೀನಿ, ಸೋಮವಾರ ಬಾ ಅಂತ ಅಕ್ಕ ಹೇಳಿ ಕಳ್ಸಿದ್ಲು. ಈ ಸದ್ದಿಗೇ ನನ್ ಕಿವಿ ಇನ್ನೂ ಗುಂಯ್ ಅಂತಾ ಐತೆ.

ಈರಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು, ಕಡುಬಿಗೆ ನೀರು ಕಾಯಲು ಇಡಬೇಕೆಂದು ಊರ ಕಡೆ ಹೊರಟಿದ್ದಳು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಹಂದಿಗಳ ಹಿಂಡು ಮತ್ತೆ ಇಳಿಯಿತು. ಈರಪ್ಪ ಒಂದೇ ಈಡು ಹೊಡೆದ. ಹಿಂಡಿನ ಮುಂದಾಳು ಬದುವಿನ ಮೇಲೆ ಉರುಳಿತು, ಉಳಿದವು ಗುಡ್ಡ ಹತ್ತಿದವು. ಅಕ್ಕಪಕ್ಕದ ಗದ್ದೆಯವರು ಬಂದು ನೋಡಿ, ಅಪ್ಪನ ಕೈ ಬಂದಿದೆ ಎಂದು ಹೇಳಿಹೋದರು. ಈರಪ್ಪ ಆ ಮಾತನ್ನು ಮನೆಗೆ ಬಂದು ಹಾಲಮ್ಮನಿಗೆ ಎರಡು ಸಲ ಹೇಳಿದ. ಆಮೇಲೆ ಸೋಮವಾರದಿಂದ ಬಾಯಿಗೆ ಬಂದು ಬಂದು ನಿಲ್ಲುತ್ತಿದ್ದ ಮಾತನ್ನು ಕೇಳಿದ.

ಈರಪ್ಪ: ಕೆಂಚಪ್ಪನ ನೆಪ ಹೇಳಿ ನನ್ನ ಆಚಾರಿ ಹತ್ರ ದಬ್ಬಿದೆ. ಅಂದ್ರೆ ತಪ್ಪು ಕೋವೀದೇ ಅಂತ ನಿಂಗೆ ಮೊದ್ಲೇ ಗೊತ್ತಿತ್ತು.

ಹಾಲಮ್ಮ: ಎಲ್ಲಿ ಗೊತ್ತಿತ್ತು? ಕೋವೀದೋ ನಿಮ್ದೋ ಅಂತ ನಂಗೂ ಅನುಮಾನವೇ.

ಈರಪ್ಪ: ಮತ್ತೆ ಕೋವಿ ಕಡೆಯಿಂದ ಯಾಕೆ ಶುರು ಮಾಡ್ದೆ?

ಹಾಲಮ್ಮ: ಇಬ್ರಲ್ಲಿ ಬಿಚ್ಚಾಕೆ ತಿರುಪು ಇದ್ದದ್ದು ಅದಕ್ಕೊಂದಕ್ಕೇ ಅಲ್ವೇನ್ರಿ?