ಅಲ್ ಅಜೈಬಾದಲ್ಲಿ ನಮ್ಮತ್ತೆಯ ವಾರ್ಡು

ನಮ್ಮತ್ತೆಗೆ ಮನುಷ್ಯರು ಕಾಣುವುದಿಲ್ಲ! ಕಣ್ಣಿಗೇನೂ ಆಗಿಲ್ಲ, ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಆದರೆ ಎದುರಿಗೆ ಒಂದು ಆಸಾಮಿ ಬಂದು ನಿಂತರೆ ಅವರಿಗೆ ಕಾಣುವುದು ಒಂದು ಓಟು. ಗಂಡ ಹೆಂಡತಿ ಬಂದರೆ ಎರಡು ಓಟು. ಕಂಕುಳಲ್ಲಿ ಕೂಸಿದ್ದರೆ, ಹದಿನೆಂಟು ವರ್ಷ ಕಾಯಬೇಕಾದ ಓಟು.

ನನಗೆ ಇದು ಗೊತ್ತಾದದ್ದು ಎಂಥ ಹೊತ್ತಿನಲ್ಲಿ ಅಂತೀರಿ? ಮದುವೆಯಾಗಿ ಮಂಡ್ಯದ ಕಡೆಯ ಅವರ ಹಳ್ಳಿಗೆ ಬಂದು, ಹೊಸಿಲ ಮೇಲಿನ ಸೇರು ಒದೆಯಲು ಕಾಲೆತ್ತಿದ್ದೆ. ಆರತಿ ತಟ್ಟೆ ಹಿಡಿದಿದ್ದ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು. ದೀರ್ಘಸುಮಂಗಲೀ ಭವ ಅನ್ನುತ್ತಾರೇನೋ ಎಂದು ನಾನು ತಲೆ ತಗ್ಗಿಸಿದೆ.

"ಬೆಂಗ್ಳೂರಿನ ಓಟರ್ ಲಿಸ್ಟಿಂದ ಹೆಸ್ರು ತೆಗೆಸ್ಬುಡವ್ವ. ಇಲ್ಲೇ ಸೇರ್ಸನ."

ನಾನು ಬೆಚ್ಚಿಬಿದ್ದ ರಭಸಕ್ಕೆ ಸೇರು ಹಾರಿ, ಅಕ್ಕಿಯೆಲ್ಲ ಹಜಾರದ ಆ ತುದಿಗೆ ಹೋಗಿ ಚೆಲ್ಲಿತು. ಸೊಸೆಯ ಕಾಲ್ಗುಣ ಭಾರಿ ಜೋರಾಗಿದೆ ಎಂದು ನೆಂಟರೆಲ್ಲ ಮೆಚ್ಚಿಕೊಂಡರು.

ಅತ್ತೆ ಗ್ರಾಮ ಪಂಚಾಯ್ತಿ ಸದಸ್ಯೆ. ಒಂದು ಅವಧಿಗೆ ಅಧ್ಯಕ್ಷೆಯೂ ಆಗಿದ್ದವರು. ಹೆಂಗಸು ಅಧ್ಯಕ್ಷೆಯಾದರೆ ಕುರ್ಚಿಯಲ್ಲಿ ಗಂಡ ಕೂರುವುದು ಎಷ್ಟೋ ಕಡೆ ನಡೆದುಬಂದ ಪದ್ಧತಿ ತಾನೇ? ನಮ್ಮ ಮಾವನವರೂ ಮೊದಲನೇ ದಿನ ಪಂಚೆ ಇಸ್ತ್ರಿ ಮಾಡಿಸಿಕೊಂಡು ಹೋಗಿ ಕೂತರಂತೆ. ಅತ್ತೆ ತುಂಬಿದ ಸಭೆಯಲ್ಲಿ, "ಬಂದವ್ರಿಗೆಲ್ಲ ಟೀ ತರ್ಸಿ" ಎಂದು ಅವರನ್ನು ಎಬ್ಬಿಸಿ ಕಳಿಸಿದರು. ಮಾವ ಅಂದಿನಿಂದ ರಾಜಕೀಯ ಸನ್ಯಾಸ ತೆಗೆದುಕೊಂಡು ಹಸುಗಳ ಜೊತೆ ನೆಮ್ಮದಿಯಾಗಿದ್ದಾರೆ.

ಅತ್ತೆಯ ಲೆಕ್ಕಾಚಾರವೇ ಬೇರೆ. ಯಾವ ಬೀದಿಯಲ್ಲಿ ವಯಸ್ಸಾದವರು ಹೆಚ್ಚು, ಯಾವ ಮನೆಯ ಹುಡುಗರು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಗೆ ಹೋಗಿದ್ದಾರೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲ ಬಾಯಿಪಾಠ. ಊರಿನಲ್ಲಿ ಗಂಡಿನ ಮದುವೆಯಾದರೆ ಒಂದು ಓಟು ಬಂತು, ಹೆಣ್ಣಿನ ಮದುವೆಯಾದರೆ ಒಂದು ಓಟು ಹೋಯಿತು! ಒಮ್ಮೆ ಸಾವಿನ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹೆಣದ ಮುಂದೆ ನಿಂತು ಅತ್ತೆ, "ಅಯ್ಯೋ, ಗ್ಯಾರಂಟಿ ಓಟಾಗಿತ್ತಲ್ಲವ್ವ!" ಎಂದು ಗೊಳೋ ಎಂದು ಅತ್ತುಬಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಶ್ಚರ್ಯ ನೋಡಿ, ಆ ಮನೆಯ ಮುದುಕಿ ಬೈಯಲಿಲ್ಲ. ಅತ್ತೆಯ ಕೊರಳು ತಬ್ಬಿಕೊಂಡು ತಾನೂ ಅತ್ತಿತು. ಮಂಚ ಹಿಡಿದಿದ್ದ ಆ ಮುದುಕಪ್ಪನನ್ನು ಪ್ರತಿ ಎಲೆಕ್ಷನ್ನಿಗೂ ಆಟೋದಲ್ಲಿ ಕೂರಿಸಿಕೊಂಡು ಬೂತಿಗೆ ಹೋಗಿ, ವಾಪಸು ತಂದು ಮಲಗಿಸಿ, ಗಂಜಿ ಕುಡಿಸಿ ಬರುತ್ತಿದ್ದವರು ಅತ್ತೆಯೇ ಅಂತೆ.

ಇನ್ನು ಕುಕ್ಕರಿನ ವಿಷಯ. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಲ್ಲ, ಒಬ್ಬೊಬ್ಬರಿಗೆ ಒಂದೊಂದು ಸಾಮಾನು ಕೊಡುತ್ತಾರೆ. ಅತ್ತೆಗೆ ಆಟೋರಿಕ್ಷಾ ಬಂತು, ಎದುರಾಳಿ ಹೆಂಗಸಿಗೆ ಕುಕ್ಕರ್. ಅಂದಿನಿಂದ ನಮ್ಮತ್ತೆಯ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಲ್ಲ! ಅನ್ನ ತಪ್ಪಲೆಯಲ್ಲಿ, ಬೇಳೆ ಮಡಕೆಯಲ್ಲಿ. ಗ್ಯಾಸ್ ಮುಗಿದರೂ ಚಿಂತೆಯಿಲ್ಲ, ಶತ್ರುವಿನ ಸೀಟಿ ಮನೆಯೊಳಗೆ ಕೇಳಬಾರದು.

ಗಂಡನಿಗೆ ಒಮಾನಿನಲ್ಲಿ ಕೆಲಸ ಸಿಕ್ಕಿ ನಾವು ಹೊರಟಾಗ ಅತ್ತೆ ಕಣ್ಣೊರೆಸಿಕೊಂಡದ್ದೂ, "ನನ್ ಮನೆಯಿಂದ್ಲೇ ಎರಡು ಓಟು ಏರೋಪ್ಲೇನ್ ಹತ್ಕಂಡ್ ಹೋದ್ವಲ್ಲ" ಎಂದೇ.

ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಫ್ಲ್ಯಾಟು. ಗಂಡನನ್ನು ದೂರದ ಸೊಹಾರ್‌ನ ಕಾರ್ಖಾನೆಗೆ ಹಾಕಿದ ಮೇಲೆ ಅವರು ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದರು. ಉಳಿದ ದಿನ ನಾನು, ಎ.ಸಿ. ಮತ್ತು ಮೊಬೈಲು. ಎದುರು ಬಾಗಿಲಿನವರು ಯಾರೆಂದು ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಮೊಬೈಲ್ ನೋಡುತ್ತಿದ್ದೆ, ಅವರೂ ಮೊಬೈಲ್ ನೋಡುತ್ತಿದ್ದರು. ಹೀಗಿರುವಾಗ ನಾನು ಬಸುರಿಯಾದೆ. ಅಮ್ಮನಿಗೆ ಮೊಣಕಾಲಿನ ಆಪರೇಷನ್. ಬಾಣಂತನಕ್ಕೆ ನಮ್ಮತ್ತೆಯೇ ಬಂದಿಳಿದರು!

ವಿಮಾನ ನಿಲ್ದಾಣದಲ್ಲಿ ಆಗಿದ್ದೇನು ಹೇಳಲಿ? ಅತ್ತೆ ಎರಡೂ ಕೈ ಜೋಡಿಸಿ, ಎಡಕ್ಕೊಂದು ಬಲಕ್ಕೊಂದು ನಮಸ್ಕಾರ ಮಾಡುತ್ತಾ ಹೊರಗೆ ಬಂದರು. ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಒಮಾನಿ ಹಿರಿಯರೊಬ್ಬರು ಗೌರವದಿಂದ ಎದ್ದು ನಿಂತರು. ಯಾವುದೋ ದೇಶದ ಮಂತ್ರಿ ಅಂದುಕೊಂಡಿರಬೇಕು.

ಎರಡನೆಯ ದಿನ ನಿದ್ದೆಯಿಂದ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ! ಭಾಷೆ ಬರದು, ಫೋನು ಇಲ್ಲೇ ಬಿಟ್ಟಿದ್ದಾರೆ, ಬಾಗಿಲಲ್ಲಿ ಚಪ್ಪಲಿ ಮಾತ್ರ ಇಲ್ಲ. ನನ್ನ ಜೀವ ಬಾಯಿಗೆ ಬಂತು. ದೊಡ್ಡ ಹೊಟ್ಟೆ ಹೊತ್ತುಕೊಂಡು ಮೆಟ್ಟಿಲಿಳಿದರೆ, ಕೆಳಗಿನ ಮನೆಯ ಬಾಗಿಲಲ್ಲಿ ಕುಂಕುಮದ ಭರಣಿ ಹಿಡಿದು ನಿಂತಿದ್ದಾರೆ. ಬಾಗಿಲು ತೆರೆದಿದ್ದವರು ಸಿಸಿಲಿಯಾ ಎಂಬ ಮಂಗಳೂರಿನ ಹೆಂಗಸು.

"ನೀವು ಕನ್ನಡದವರಾ ಮಾರಾಯ್ರೆ?" ಎಂದು ಸಿಸಿಲಿಯಾ ನನ್ನನ್ನೇ ಕೇಳಿದರು. "ಇಷ್ಟು ಸಮಯ ಒಂದೇ ಬಿಲ್ಡಿಂಗಿನಲ್ಲಿ ಇದ್ದು ನಂಗೆ ಗೊತ್ತೇ ಇಲ್ಲ! ನಿಮ್ಮ ಅತ್ತೆ ಬಂದು ಹೇಳ್ಬೇಕಾಯ್ತು."

ಅಲ್ಲಿಂದ ಶುರು. ಬೆಳಿಗ್ಗೆ ತಿಂಡಿಯಾದ ಮೇಲೆ ಅತ್ತೆಯ ಮನೆಮನೆ ಭೇಟಿ. ಸಿಸಿಲಿಯಾ ದುಭಾಷಿ. ಸಂಜೆ ನನ್ನೆದುರು ವರದಿ: "ಮ್ಯಾಲ್ಗಡೆ ಮಲಯಾಳದೋರು ನಮ್ ಕಡೆ. ಪಕ್ಕದ್ ಪಾಕಿಸ್ತಾನದವ್ಳು ಒಳ್ಳೇವ್ಳು, ನಿನ್ನೆ ಹಲ್ವ ಕೊಟ್ಳು. ಮೂಲೆ ಮನೆ ಫಿಲಿಪೈನ್ಸ್ ಹುಡ್ಗೀರು ಇನ್ನೂ ಬೇಲಿ ಮ್ಯಾಲೆ ಕುಂತವ್ರೆ, ಇನ್ನೊಂದ್ ಸತಿ ಹೋಗ್ಬೇಕು."

"ಅತ್ತೆ, ಇಲ್ಲಿ ನಮಗೆ ಓಟಿಲ್ಲ! ಹೀಗೆಲ್ಲ ಜನ ಸೇರಿಸಿದರೆ ಯಾರಾದರೂ ಏನಾದರೂ ಅಂದುಕೊಂಡಾರು!"

"ಕುಂಕುಮ ಕೊಟ್ರೆ ಯಾರವ್ವ ಏನನ್ತಾರೆ?"

ಅಂದುಕೊಳ್ಳುವುದಿರಲಿ, ನೆಲಮಹಡಿಯ ಒಮಾನಿ ಅಜ್ಜಿಯ ಮನೆಯಲ್ಲಿ ಅತ್ತೆಗೆ ದಿನಾ ಖರ್ಜೂರ, ಕಹ್ವಾ ಕಾಫಿ! ಆ ಅಜ್ಜಿ ಅರಬ್ಬಿ, ನಮ್ಮತ್ತೆ ಅಪ್ಪಟ ಮಂಡ್ಯ. ಇಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಒಂದು ಸಂಜೆ ಅತ್ತೆ ಏದುಸಿರು ಬಿಡುತ್ತಾ ಬಂದರು.

"ಇಲ್ಲೂ ಓಟು ಅದಂತೆ ಕಣವ್ವ! ಆವಮ್ಮನ ತಂಗಿ ಮಗ ಮುನ್ಸಿಪಾಲ್ಟಿ ಮೆಂಬರಂತೆ! ಎಷ್ಟು ಓಟಲ್ಲಿ ಗೆದ್ದ ಅಂತ ಕೇಳ್ಬುಟ್ಟು ಬಂದೆ."

ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು: ಪಂಚಾಯ್ತಿ ಚುನಾವಣೆ ಘೋಷಣೆಯಾಗಿದೆ, ವಾರ್ಡು ಈ ಸಲವೂ ಮಹಿಳೆಗೇ ಮೀಸಲು. ಅತ್ತೆಯ ಮುಖ ಊರಿಗೆ ನೀರು ಬಂದಷ್ಟು ಅರಳಿತು. ಪಿಡಿಓಗೆ ಒಂದು ವಾಯ್ಸ್ ಮೆಸೇಜು, ಎಮ್ಮೆಲ್ಲೆ ಕಡೆಯ ಹುಡುಗನಿಗೆ ಒಂದು. "ಪೈಪ್‌ಲೈನ್ ಕೆಲ್ಸ ಅರ್ಧಕ್ಕೆ ನಿಲ್ಸಿ ಓಟು ಕೇಳಕ್ ಬಂದ್ರೆ ಪೊರಕೆ ತಗತೀನಿ ಅಂತ ಹೇಳು ನಿಮ್ಮ ಸಾಹೇಬ್ರಿಗೆ!" ಎಂದು ಅಲ್ ಅಜೈಬಾದ ಬಾಲ್ಕನಿಯಿಂದ ಗುಡುಗಿದರು. ನಾಮಪತ್ರದ ಕೊನೆಯ ದಿನಕ್ಕೆ ಮೊದಲು ಊರು ಸೇರುವಂತೆ ಗುರುವಾರಕ್ಕೆ ಟಿಕೆಟ್ಟೂ ಆಯಿತು. ಅಷ್ಟರೊಳಗೆ ಹೆರಿಗೆಯಾಗುತ್ತದೆ, ಎರಡು ವಾರ ಪ್ರಚಾರ ಮುಗಿಸಿ ಓಡಿಬರುತ್ತೇನೆ ಎಂಬುದು ಅವರ ಲೆಕ್ಕ.

ಆದರೆ ಡಾಕ್ಟರು ಹೇಳಿದ ದಿನ ಕಳೆದರೂ ನೋವು ಬರಲಿಲ್ಲ. ನನಗೆ ಒಳಗೊಳಗೇ ಹೆದರಿಕೆ. ಅತ್ತೆ ಹೊರಟರೆ ನಾನು ಒಬ್ಬಳೇ. ಉಳಿಯಿರಿ ಎನ್ನಲು ಬಾಯಿ ಬರದು. ಆ ವಾರ್ಡು ಅವರ ಜೀವ.

"ಗುರುವಾರ ಹೋಗ್ತೀರಾ ಅತ್ತೆ?"

"ಈ ಕೂಸು ಎಲೆಕ್ಷನ್ ಕಮಿಷನ್ ಮಾತು ಕೇಳಲ್ವಲ್ಲ! ನೋಡನ ಬುಡು."

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ನೋವು ಕಿತ್ತುಕೊಂಡು ಬಂತು. ಗಂಡ ಸೊಹಾರ್‌ನಲ್ಲಿ! ಅತ್ತೆ ಸೆರಗು ಸಿಕ್ಕಿಸಿದ್ದೇ ಸಿಕ್ಕಿಸಿದ್ದು, ಮೆಟ್ಟಿಲಿನ ಹತ್ತಿರ ನಿಂತು ಒಂದು ಕೂಗು ಹಾಕಿದರು. ಓಟಿನ ದಿನ ಬೂತಿಗೆ ಜನ ಸಾಗಿಸಿದ ಗಂಟಲು ಅದು! ಬಾಗಿಲುಗಳು ಧಡಧಡನೆ ತೆರೆದವು. ಫಿಲಿಪೈನ್ಸ್ ಹುಡುಗಿಯೊಬ್ಬಳು ನರ್ಸಂತೆ, ನನ್ನ ನಾಡಿ ಹಿಡಿದಳು. ಸಿಸಿಲಿಯಾ ಬ್ಯಾಗು ಹಿಡಿದರು. ಒಮಾನಿ ಅಜ್ಜಿಯ ಮೊಮ್ಮಗಳು ಕಾರು ತಂದಳು. ಅಜ್ಜಿ ಮುಂದಿನ ಸೀಟಿನಲ್ಲಿ ಕೂತು "ಯಲ್ಲಾ, ಯಲ್ಲಾ!" ಎಂದು ಅವಸರಿಸಿದರೆ, ಹಿಂದೆ ನಮ್ಮತ್ತೆಯೂ "ಯಲ್ಲಾ, ಯಲ್ಲಾ!" ನೋವಿನ ನಡುವೆಯೂ ನಾನು ಬಾಯಿ ಬಿಟ್ಟುಕೊಂಡು ಇಬ್ಬರನ್ನೂ ನೋಡಿದೆ.

ಸಂಜೆ ಗಂಡ ಸೊಹಾರ್‌ನಿಂದ ಓಡಿಬಂದು ಮುಟ್ಟುವಷ್ಟರಲ್ಲಿ ಮಗಳು ಹುಟ್ಟಿದ್ದಳು. ಗುರುವಾರದ ವಿಮಾನ ಹೋಯಿತು, ಅತ್ತೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಅವರು ಚುನಾವಣೆಯ ಮಾತನ್ನೇ ಎತ್ತಲಿಲ್ಲ, ಕೇಳಲು ನನಗೂ ಧೈರ್ಯವಾಗಲಿಲ್ಲ.

ಮನೆಗೆ ಬಂದ ದಿನ ಮಗುವನ್ನು ಮಲಗಿಸುತ್ತಿದ್ದೆ. ಅಡುಗೆಮನೆಯಿಂದ ಒಂದು ಸದ್ದು ಬಂತು. ನಾನು ಬೆಚ್ಚಿಬಿದ್ದೆ. ಕುಕ್ಕರಿನ ಸೀಟಿ!

"ಅತ್ತೆ! ಕುಕ್ಕರ್!"

"ಸಿಸಿಲಿಯಾ ಕೊಟ್ಳು ಕಣವ್ವ. ಬಾಣಂತಿಗೆ ಬ್ಯಾಳೆ ಬೇಗ ಬೇಯ್ಲಿ ಅಂತ." ಅವರು ಬಾಗಿಲಲ್ಲಿ ಬಂದು ನಿಂತರು. "ಈ ಸತಿ ನಾನ್ ನಿಂತಿಲ್ಲ. ಟೈಮ್ ಮುಗೀತು. ಆ ಕುಕ್ಕರ್ ಗುರ್ತಿನವ್ಳೇ ಗೆಲ್ತಾಳೆ, ಗೆಲ್ಲಿ. ಇನ್ಯಾಕೆ ಪಾತ್ರೆ ಮ್ಯಾಲೆ ಹಗೆ?"

"ನನ್ನಿಂದ ನಿಮ್ಮ ವಾರ್ಡು ಹೋಯ್ತು ಅತ್ತೆ. ಇಲ್ಲಿ ಅಷ್ಟೊಂದು ತಿರುಗಿ ಏನು ಬಂತು? ಒಂದು ಓಟೂ ಇಲ್ಲ."

ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, ನನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಗಿ ಮಾಡಿದರು.

"ನಂಗೆ ಅಂತ ಕೇಳಿದ್ನೇನವ್ವ? ಬಂದ್ ದಿವ್ಸ ನೋಡ್ದೆ, ನಿನ್ ಬಾಗ್ಲು ತಟ್ಟೋರು ಒಬ್ರಿಲ್ಲ. ನಾನು ವಾಪಸ್ ಹೋಗೋಳು. ಆಮ್ಯಾಲೆ ನಿಂಗ್ಯಾರು? ನಿನ್ ಪರವಾಗಿ ಕೇಳ್ದೆ. ನಮ್ ಹುಡ್ಗಿ ಮ್ಯಾಲ್ ಒಬ್ಳೇ ಅವ್ಳೆ, ನೋಡ್ಕಳಿ ಅಂತ."

ಬಾಗಿಲಿನ ಬೆಲ್ ಆಯಿತು. ನಾನು ಏಳಲು ಹೋದೆ. "ಕೂತ್ಕೊ, ನೀನು ಬಾಣಂತಿ" ಎಂದು ಗದರಿ ಅತ್ತೆ ಬಾಗಿಲಿಗೆ ಓಡಿದರು. ಹೊರಗೆ ಪಾತ್ರೆಗಳ ಸದ್ದು, ಅರಬ್ಬಿ, ಮಲಯಾಳ, ಉರ್ದು, ಸಿಸಿಲಿಯಾರ ನಗು, ಎಲ್ಲದರ ಮೇಲೆ ನಮ್ಮತ್ತೆಯ "ಬನ್ರವ್ವ, ಬನ್ನಿ." ಒಲೆಯ ಮೇಲೆ ಕುಕ್ಕರ್ ಇನ್ನೊಂದು ಸಲ ಕೂಗಿತು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ.