ಸುಣ್ಣದ ನೀರು ಹೇಳಿದ ಸಾಕ್ಷಿ

"ಕೂತಲ್ಲೇ ಬೇರು ಬಿಟ್ಟಿದ್ದೀರಿ" ಎಂದು ನನ್ನವಳು ದಿನಕ್ಕೆ ಒಂಬತ್ತು ಸಲ ಅನ್ನುತ್ತಾಳೆ. (ಭಾನುವಾರ ಹನ್ನೊಂದು.) ಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಗಾಜಿನ ನಳಿಕೆ ತೊಳೆದು ನಿವೃತ್ತನಾದವನು ನಾನು. ಒಂದು ದಿನ ವಿಜ್ಞಾನದಿಂದಲೇ ಉತ್ತರ ಕೊಟ್ಟೆ.

"ಸುಮ್ಮನೆ ಕೂತಿಲ್ಲ ಕಣೆ. ನನ್ನ ಮೈಯಲ್ಲಿ ಕೋಟಿಕೋಟಿ ಜೀವಕೋಶಗಳಿವೆ, ಒಂದೊಂದೂ ಒಂದೊಂದು ಒಲೆ. ತಿಂದದ್ದೇ ಸೌದೆ. ಉಸಿರಲ್ಲಿ ಬಂದ ಆಮ್ಲಜನಕ ಸೇರಿಸಿ, ಉರಿ ಕಾಣದ ಹಾಗೆ ನಿಧಾನಕ್ಕೆ ಸುಟ್ಟು ಶಕ್ತಿ ತೆಗೀತವೆ!"

"ಕೋಟಿ ಒಲೆ ಇಟ್ಕೊಂಡು ಒಂದು ಬಕೆಟ್ ಎತ್ತೋಕಾಗಲ್ವಾ?"

ಒದ್ದೆ ಬಟ್ಟೆಯ ಬಕೆಟ್ಟು! ಮೂರು ವರ್ಷದಿಂದ ಅದನ್ನು ಮೂರು ಮಹಡಿ ಹತ್ತಿ ತಾರಸಿಗೆ ಹೊರುತ್ತಿರುವವಳು ಅವಳೇ. ಕಾರಣ, ನನ್ನ ಮೊಣಕಾಲು ನೋವು. (ನೋವಿದ್ದದ್ದು ಮೊದಲ ಹದಿನೈದು ದಿನ. ನಿಮ್ಮಲ್ಲೇ ಇರಲಿ.)

ಪಂದ್ಯ ಕಟ್ಟಿದೆ. "ಒಲೆ ಉರಿದರೆ ಹೊಗೆ ಬರಬೇಕಲ್ಲ? ನಾವು ಬಿಡೋ ಇಂಗಾಲದ ಡೈಆಕ್ಸೈಡೇ ಆ ಹೊಗೆ. ಸುಣ್ಣದ ತಿಳಿನೀರಿಗೆ ಊದಿದರೆ ನೀರು ಬೆಳ್ಳಗಾಗುತ್ತೆ. ಮೈ ಹೆಚ್ಚು ದುಡಿದಷ್ಟೂ ಬೇಗ! ಇಬ್ಬರೂ ಒಂದೊಂದು ಲೋಟಕ್ಕೆ ಊದೋಣ. ನಿನ್ನ ಲೋಟ ಮೊದಲು ಬೆಳ್ಳಗಾದರೆ ಬಕೆಟ್ ನನ್ನದು. ನನ್ನದಾದರೆ ನೀನು ಇನ್ನು ತುಟಿ ಪಿಟಿಕ್ ಅನ್ನಬಾರದು."

"ಆಗಲಿ ಮಹಾವಿಜ್ಞಾನಿಗಳೇ," ಎಂದು ಅವಳು ಪಾತ್ರೆ ಒರೆಸಲು ಹೋದಳು.

ನೀರಿಗೆ ಕಲಸಿಟ್ಟ ಸುಣ್ಣ ತಳಕ್ಕಿಳಿದು ನೀರು ತಿಳಿಯಾಗಬೇಕಲ್ಲ, ಅಷ್ಟರಲ್ಲಿ ನಾನು ಬೆಕ್ಕಿನಂತೆ ಹೊರಗೆ ಜಾರಿದೆ. ತಾರಸಿಯವರೆಗೆ ಐದು ಸಲ ಹತ್ತಿ ಇಳಿದೆ. ಎಪ್ಪತ್ತರ ಮುದುಕನ ಆ ರಭಸಕ್ಕೆ ಗೋಡೆಯ ಗಾರೆ ಉದುರಿತು. ತಾರಸಿಯ ಪಾರಿವಾಳಗಳು ಸಂಸಾರ ಸಮೇತ ಮನೆ ಖಾಲಿ ಮಾಡಿದವು!

ಮೇಜಿನ ಮೇಲೆ ಎರಡು ಲೋಟ, ಎರಡು ಕೊಳವೆ. ಊದಿದೆವು. ನನ್ನದು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲಾಯಿತು. ಅವಳದು ಇನ್ನೂ ಅಕ್ಕಿ ತೊಳೆದ ನೀರು.

"ನೋಡಿದೆಯಾ! ದುಡಿಯೋ ಮೈ ಅಂದ್ರೆ ಇದು!" ಎಂದು ಕುಣಿದೇಬಿಟ್ಟೆ.

ಅವಳು ನನ್ನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಒಪ್ಪಿದೆ ಕಣ್ರೀ. ಬೆಳಿಗ್ಗೆಯಿಂದ ಗುಡಿಸಿ ಒರೆಸಿದವಳಿಗೇ ಹೊಗೆ ಇಷ್ಟೇ. ನೀವು ಅಷ್ಟೆಲ್ಲಾ ಏನು ದುಡಿದಿರಿ?"

"ಕೂತಲ್ಲೇ... ಜೀವಕೋಶ..."

"ಮೂಗಿನ ತುದಿಯಿಂದ ಬೆವರು ತೊಟ್ಟಿಕ್ತಿದೆ." ನನ್ನ ಭುಜದಿಂದ ಎರಡೇ ಬೆರಳಲ್ಲಿ ಏನನ್ನೋ ಎತ್ತಿ ತೋರಿಸಿದಳು. ಪಾರಿವಾಳದ ಪುಕ್ಕ. "ಮೊಣಕಾಲು ಹೇಗಿದೆ?"

ಗೆದ್ದವನು ನಾನೇ, ಎರಡು ಮಾತಿಲ್ಲ. ಬಕೆಟ್ ಹೊರುವವನೂ ಈಗ ನಾನೇ. ತಾರಸಿಯಲ್ಲಿ ನಿಂತು ಏದುಸಿರು ಬಿಡುವಾಗ ಕೆಳಗಿನಿಂದ ಕೂಗು ಬರುತ್ತದೆ:

"ಏನ್ರೀ, ಕೋಟಿ ಒಲೆಗಳೂ ಹೊತ್ಕೊಂಡ್ವಾ? ಆರೋದ್ರೊಳಗೆ ಬನ್ನಿ, ಇನ್ನೊಂದು ಬಕೆಟ್ ಇದೆ!"