ಮೂರು ಊರು, ಒಂದು ಫೋಲ್ಡರ್

ನಮ್ಮ ಫೋಟೊ ಸ್ಟುಡಿಯೋದಲ್ಲಿ ಒಂದು ಫಜೀತಿ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ನಮ್ಮ ಅಂಗಡಿಗಳಿವೆ. ಹುಕ್ಕೇರಿಯದನ್ನು ನಾನು ನೋಡಿಕೊಳ್ಳುತ್ತೇನೆ. ಮೂರೂ ಕಂಪ್ಯೂಟರುಗಳಿಗೆ ಒಂದೇ ಫೋಲ್ಡರ್. ಒಂದು ಕಡೆ ಹಾಕಿದ ಫೋಟೊ ಎಲ್ಲ ಕಡೆಯೂ ತಾನಾಗಿ ಬರುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ. ಏನು ಬಂತು, ಏನು ಹೋಯಿತು, ಏಕೆ ನಿಂತಿತು ಎಂಬುದನ್ನು ಸಾಫ್ಟ್‌ವೇರ್ ಸಾಲುಸಾಲಾಗಿ ಬರೆದಿಡುತ್ತದೆ. ಅದೇ ಲಾಗ್. ಅದರ ಇಂಗ್ಲಿಷನ್ನು ನನ್ನ ಮೊಬೈಲ್ ಕನ್ನಡ ಮಾಡಿಕೊಡುತ್ತದೆ.

ಈ ಸಲ ಫೋಲ್ಡರಿನಲ್ಲಿದ್ದವು ನನ್ನ ಮಗಳ ಮದುವೆಯ ಫೋಟೊಗಳು. ಕ್ಯಾಮೆರಾದ ಕಾರ್ಡನ್ನು ಆಗಲೇ ಬೇರೊಂದು ಮದುವೆಗೆ ಖಾಲಿ ಮಾಡಿದ್ದರಿಂದ ಅವು ಬೇರೆಲ್ಲೂ ಇರಲಿಲ್ಲ.

ಅಮಾಸಿ

ಅಂಗಡಿಗಳ ಮಾಲೀಕರೂ ಆಲ್ಬಮ್ ಮಾಡುವವರೂ ಆದ ಸಾವಕಾರರು ಗೋಕಾಕದಿಂದ ಫೋನು ಮಾಡಿದರು.

"ಬಾಯಾರ, ಒಂದೂ ಫೋಟೊ ಬಂದಿಲ್ಲ. ಲಾಗ್ ನೋಡ್ರಿ."

ನೋಡಿದೆ. "ನಿಮ್ಮ ಕಂಪ್ಯೂಟರ್ ಸಿಗವಲ್ದಂತ್ರಿ."

"ನನ್ನ ಕಣ್ಣ ಮುಂದ ಐತೆಲ್ರಿ!"

"ಚಾಲೂ ಐತೇನ್ರಿ?"

"ಅಮಾಸಿ ಅಲ್ಲೇನ್ರಿ ಇವತ್ತ? ವೈರ್ ಎಲ್ಲಾ ಕಿತ್ತು, ವಿಭೂತಿ ಹಚ್ಚಿ, ಕಾಯಿ ಒಡದೇನಿ."

"ಮತ್ತ ಫೋಟೊ ಹೆಂಗ ಬರ್ತಾವ್ರಿ?"

"ಪೂಜಿ ಮಾಡಿದ ಮ್ಯಾಲೂ ಬರೂದಿಲ್ಲಂದ್ರ ಹೆಂಗ್ರಿ!"

ಬೀಗತಿ

ಮರುದಿನ ಎಲ್ಲವೂ ಗೋಕಾಕಕ್ಕೆ ಹೋದವು, ಮನೆಮಂದಿಯೆಲ್ಲ ನಿಂತಿದ್ದ ದೊಡ್ಡ ಫೋಟೊ ಒಂದನ್ನು ಬಿಟ್ಟು. "ಈ ಫೋಟೊವನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ, ಕಳುಹಿಸಲಾಗದು" ಎಂದಿತ್ತು ಲಾಗ್. ನಿಜವೇ. ಹತ್ತರಗಿಯ ನನ್ನ ಬೀಗತಿ ಸಂತೆಗೆ ಬಂದವರು ಅದನ್ನು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆಗೆಸಿಕೊಂಡು, ಸಂತೆಗೆ ಬಂದ ನೆಂಟರನ್ನೆಲ್ಲ ಕರೆದು ತೋರಿಸುತ್ತ ಕುಳಿತಿದ್ದರು.

"ಬೀಗತ್ಯಾರ, ಇದನ್ನ ಮುಚ್ಚತೇನ್ರಿ. ಗೋಕಾಕಕ್ಕ ಹೋಗಬೇಕಾಗೇತಿ."

"ಹೋಗಲಿ ಬಿಡ್ರಿ. ನಾವೇನ ಅದನ್ನ ಹಿಡಕೊಂಡೇವೇನ?"

ಹಿಡಿದುಕೊಂಡಿದ್ದೀರಿ ಎಂದೇ ಲಾಗ್ ಹೇಳುತ್ತಿತ್ತು. ಗಂಡಿನ ತಾಯಿಗೆ ಅದನ್ನು ಓದಿ ಹೇಳುವ ಧೈರ್ಯ ಹೆಣ್ಣು ಕೊಟ್ಟವಳಿಗೆ ಎಲ್ಲಿಂದ ಬರಬೇಕು? ಸಂತೆ ಮುಗಿದು ಅವರು ಎದ್ದ ಮೇಲೆಯೇ ಫೋಟೊ ಮುಚ್ಚಿದೆ.

ಅಕ್ಕಿಕಾಳು

ಅದೂ ಹೋಯಿತೆಂದು ನೆಮ್ಮದಿಯಾಗಿದ್ದಾಗ ಸಾವಕಾರರ ಫೋನು.

"ಬಾಯಾರ, ತಾಳಿ ಕಟ್ಟೂದು, ಅಕ್ಕಿಕಾಳ ಹಾಕೂದು, ಒಂದೂ ಇಲ್ಲಲ್ರಿ. ಬರೇ ಊಟದ್ದ ಅದಾವು."

ಲಾಗ್ ತೆರೆದೆ: "ಅಳಿಸಲಾಗಿದೆ, ಮೂಡಲಗಿ." ಅಲ್ಲಿಯ ಆಪರೇಟರಿಗೆ ಫೋನು ಮಾಡಿದೆ.

"ಕಣ್ಣ ಮುಚ್ಚಿದ ಫೋಟೊ ಇಡಬ್ಯಾಡ ಅಂತ ಸಾವಕಾರ್ರ ಹೇಳ್ಯಾರಲ್ರಿ ಅಕ್ಕಾರ?"

ಹಿಂದೆ ನಿಂತವರು ತಮ್ಮ ಅಕ್ಕಿಕಾಳೂ ಮದುಮಕ್ಕಳಿಗೆ ಮುಟ್ಟಲೆಂದು ಬೀಸಿ ಹೊಡೆಯುತ್ತಿದ್ದರೆ, ಕಣ್ಣು ತೆರೆದು ನಿಲ್ಲುವ ಮದುಮಗಳು ಯಾವ ಊರಲ್ಲಿದ್ದಾಳೆ?

ಪುಣ್ಯಕ್ಕೆ ಅವನ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಅವಿನ್ನೂ ಇದ್ದವು. ಮರಳಿ ಹಾಕಿದ. "ಮರಳಿ ಬಂದಿವೆ" ಎಂಬ ಸಾಲಿಗೆ ನಾನು ಕೈಮುಗಿದೆ. ಮುಗಿದ ಕೈ ಇಳಿಸುವುದರೊಳಗೆ ಅದರ ಕೆಳಗೆ ಇನ್ನೊಂದು ಸಾಲು ಮೂಡಿತು: "ಅಳಿಸಲಾಗಿದೆ, ಗೋಕಾಕ."

"ಸಾವಕಾರ್ರ, ಏನ ಮಾಡಿದ್ರಿ!"

"ಯಾವೋ ಕಣ್ಣ ಮುಚ್ಚಿದ್ದು ಬಂದ ಬಿದ್ದಿದ್ದುವ್ರಿ ಬಾಯಾರ. ನಾನ ತಗದ ಹಾಕೇನಿ. ನಿಮ್ಮ ಮಗಳ ಫೋಟೊ ಸಿಕ್ಕೂವೇನ್ರಿ?"

ನಾನು ಅಂಗಡಿಯಲ್ಲೇ ಕುಳಿತು ಅತ್ತುಬಿಟ್ಟೆ. ಅಳು ಕೇಳಿ ಗಾಬರಿಯಾದ ಸಾವಕಾರರು ತಮ್ಮ ಕಸದ ಬುಟ್ಟಿಯಿಂದ ಅವನ್ನೆಲ್ಲ ತೆಗೆದು, ಮತ್ತಾರೂ ಮುಟ್ಟದ ಹಾಗೆ ಆಲ್ಬಮ್ಮನ್ನೇ ಮಾಡಿಸಿ ಕಳುಹಿಸಿದರು.

ಮಗಳು ತವರಿಗೆ ಬಂದಾಗ ಆಲ್ಬಮ್ಮನ್ನು ಅವಳ ಮಡಿಲಿಗಿಟ್ಟು ಎದುರಿಗೆ ಕುಳಿತೆ. ಒಂದೊಂದೇ ಹಾಳೆ ತಿರುವಿದಳು. ಮುಖ ಸಣ್ಣದಾಯಿತು.

"ಅವ್ವಾ, ಎಲ್ಲಾದ್ರಾಗೂ ಕಣ್ಣ ಮುಚ್ಚೇನಲ್ಲ! ಇವನ್ನ ತಗದ ಹಾಕಾಕ ಮೂರ ಅಂಗಡ್ಯಾಗ ಒಬ್ಬರಿಗೂ ತಿಳೀಲಿಲ್ಲೇನ?"